ಗೇಮಿನಲ್ಲಿ ರೈಲು ಬಂತು, ನಂದಿ ಬೆಟ್ಟ ಎಲ್ಲಿ?

ಚಿಕ್ಕಬಳ್ಳಾಪುರ ಸ್ಟೇಷನ್ನಿನಲ್ಲಿ ನಿಂತು ಸುತ್ತ ನೋಡಿದರೆ ಬೆಟ್ಟಗಳೇ ಬೆಟ್ಟಗಳು. ಚಿಕ್ಕಬಳ್ಳಾಪುರ, ಕೋಲಾರದ ಈ ರೈಲುದಾರಿಯನ್ನು ರೈಲು ಓಡಿಸುವ ಕಂಪ್ಯೂಟರ್ ಗೇಮಿನಲ್ಲಿ ಕಟ್ಟಲು ಕೂತವರಿಗೆ ಮೊದಲು ಕೈಕೊಡುವುದೂ ಈ ಬೆಟ್ಟಗಳೇ. ಇಂಜಿನ್ ಸಿಗುತ್ತದೆ, ಬೋಗಿ ಸಿಗುತ್ತದೆ, ಹಾರ್ನ್ ಕೂಡ ಸಿಗುತ್ತದೆ. ಬೆಟ್ಟ ಸಿಗುವುದಿಲ್ಲ.

ರೈಲು ಓಡಿಸುವ ಗೇಮುಗಳ ಬಗ್ಗೆ ಈಗ ಹುಡುಗರ ನಡುವೆ ಜೋರು ಚರ್ಚೆ. ಪಿಚ್ಚರ್ ಚೆನ್ನಾಗಿದ್ದರೆ ಸಾಕು ಅನ್ನುವವರು ಒಂದು ಕಡೆ. ಬ್ರೇಕು, ಇಂಜಿನ್ನು ಸರಿಯಾಗಿ ಕೆಲಸ ಮಾಡಬೇಕು ಅನ್ನುವವರು ಇನ್ನೊಂದು ಕಡೆ. ದುಡ್ಡು ಕೊಟ್ಟು ತಗೊಳ್ಳುವುದೋ, ಜನ ಪುಕ್ಕಟೆ ಹಂಚಿದ್ದನ್ನು ಹಾಕಿಕೊಳ್ಳುವುದೋ ಎಂಬ ಜಗಳ ಬೇರೆ. ಹೊಸದಾಗಿ ಬಂದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1985ರಲ್ಲಿ ಇಂಗ್ಲೆಂಡಿನಲ್ಲಿ ಸದರ್ನ್ ಬೆಲ್ ಎಂಬ ಗೇಮ್ ಬಂತು. ಲಂಡನ್ನಿನಿಂದ ಬ್ರೈಟನ್‌ಗೆ ಸ್ಟೀಮ್ ಇಂಜಿನ್ ಓಡಿಸುವ ಆಟ. 1996ರಲ್ಲಿ ಜಪಾನಿನ ಟೈಟೋ ಕಂಪನಿಯ ಡೆನ್ಶಾ ದೆ ಗೋ ಬಂತು. ಲಿವರ್ ಹಿಡಿದು, ಪ್ಲಾಟ್‌ಫಾರ್ಮಿನಲ್ಲಿ ಗುರುತು ಇದ್ದಲ್ಲೇ ಗಾಡಿ ನಿಲ್ಲಿಸಬೇಕು. 2001ರಲ್ಲಿ ಆಸ್ಟ್ರೇಲಿಯಾದ ಟ್ರೇನ್ಜ್ ಮತ್ತು ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ ಎರಡೂ ಬಂದವು. ನಮ್ಮ ಕಡೆಯ ಕಥೆ ಶುರುವಾಗುವುದು ಈ ಎರಡನೆಯದರಿಂದ.

ಅದರಲ್ಲಿ ಆರು ದಾರಿಗಳಿದ್ದವು. ಅಮೆರಿಕದವು ಎರಡು, ಜಪಾನಿನವು ಎರಡು, ಇಂಗ್ಲೆಂಡಿನದು ಒಂದು, ಆಸ್ಟ್ರಿಯಾದ್ದು ಒಂದು. ಭಾರತದ್ದು ಒಂದೂ ಇಲ್ಲ. ಆದರೆ ದಾರಿ ಕಟ್ಟುವ ಎಡಿಟರನ್ನೂ ಜೊತೆಗೇ ಕೊಟ್ಟಿದ್ದರು. ಇಂಜಿನ್ ಹೇಗೆ ನಡೆಯಬೇಕು ಎಂಬ ಲೆಕ್ಕವೆಲ್ಲ ಸಾದಾ ನೋಟ್‌ಪ್ಯಾಡಿನಲ್ಲಿ ತೆರೆಯುವ ಫೈಲಿನಲ್ಲಿತ್ತು. ಕಂಪನಿಯೇ ಬಾಗಿಲು ತೆರೆದಿಟ್ಟಂತೆ ಆಯಿತು. ನಮ್ಮ ದೇಶದ ರೈಲುಹುಚ್ಚಿನ ಹುಡುಗರು ರಾತ್ರಿಯೆಲ್ಲ ಕೂತು ನಮ್ಮ ಇಂಜಿನ್ನು, ನಮ್ಮ ನೀಲಿ ಬೋಗಿ ಮಾಡಿ ಹಂಚಿದರು. ಯಾರಿಂದಲೂ ಒಂದು ರೂಪಾಯಿ ಕೇಳಲಿಲ್ಲ. ಆ ಋಣ ದೊಡ್ಡದು.

ನಾನು ಮೊದಲು ಓಡಿಸಿದ್ದು ಹಾಗೆ ಸಿಕ್ಕ ಒಂದು ಡಬ್ಲ್ಯೂಡಿಎಂ-2, ನಮ್ಮ ರೈಲ್ವೆಯ ಹಳೆಯ ಡೀಸೆಲ್ ಇಂಜಿನ್. ಹೊರಗಿನ ರೂಪ ಥೇಟ್ ನಮ್ಮದೇ. ಹಾರ್ನ್ ಒತ್ತಿದರೆ ಅಮೆರಿಕದ ಗೂಡ್ಸ್ ಗಾಡಿ ಕೂಗಿತು! ಕ್ಯಾಬಿನ ಒಳಗೂ ಗೇಮಿನ ಜೊತೆ ಬಂದ ಅಮೆರಿಕದ ಡ್ಯಾಶ್-9 ಇಂಜಿನ್ನಿನ ಮೀಟರುಗಳು. ಹಳಿಯ ಪಕ್ಕ ಹೊಂಗೆ ಇಲ್ಲ, ನೀಲಗಿರಿ ತೋಪಿಲ್ಲ, ಬರೀ ಪೈನ್ ಮರಗಳು. ಆ ಮರಗಳೂ ಎರಡು ರಟ್ಟನ್ನು ಅಡ್ಡಡ್ಡ ಸಿಕ್ಕಿಸಿ ನಿಲ್ಲಿಸಿದ ಹಾಗೆ.

ಹಳಿಯದೂ ಒಂದು ಫಜೀತಿ. ಆ ಗೇಮಿನ ಜೊತೆ ಬಂದ ಹಳಿಯ ಅಗಲ 1,435 ಮಿಲಿಮೀಟರ್. ನಮ್ಮ ಬ್ರಾಡ್ ಗೇಜ್ 1,676. ವ್ಯತ್ಯಾಸ ಸುಮಾರು ಒಂದು ಗೇಣು. ನಮ್ಮ ಗಾಡಿಯನ್ನು ಸರಿಯಾದ ಅಳತೆಗೆ ಮಾಡಿದರೆ ಚಕ್ರ ಹಳಿಯಿಂದ ಆಚೆ ನೇತಾಡುತ್ತದೆ. ಚಕ್ರವನ್ನು ಒಳಗೆ ತಳ್ಳಿದರೆ ಗಾಡಿ ಬಡಕಲಾಗಿ ಕಾಣುತ್ತದೆ.

ಇನ್ನು ಬೆಟ್ಟದ ವಿಷಯ. ಆ ಗೇಮಿನಲ್ಲಿ ಕಣ್ಣು ಹಾಯುತ್ತಿದ್ದದ್ದು ಸುಮಾರು 2 ಕಿಲೋಮೀಟರ್. ಅದರಾಚೆ ಏನಿದ್ದರೂ ಮಂಜಿನಲ್ಲಿ ಮಾಯ. ಆಗಿನ ಕಂಪ್ಯೂಟರುಗಳಿಗೆ ಅದಕ್ಕಿಂತ ಜಾಸ್ತಿ ಬಿಡಿಸುವ ಶಕ್ತಿ ಇರಲಿಲ್ಲ. ನಂದಿ ಬೆಟ್ಟ 1,478 ಮೀಟರ್ ಎತ್ತರ ಇದ್ದರೂ ಸ್ಟೇಷನ್ನಿನಿಂದ ಆ 2 ಕಿಲೋಮೀಟರಿಗಿಂತ ದೂರ. ಹಾಗಾಗಿ ಗೇಮಿನಲ್ಲಿ ಅದು ಹುಟ್ಟಲೇ ಇಲ್ಲ.

ಹತ್ತಿರ ಹೋದರೂ ಸಮಾಧಾನ ಇಲ್ಲ. ನೆಲದ ಏರಿಳಿತಕ್ಕೆ ದಾರಿ ಕಟ್ಟುವವರು ಬಳಸುತ್ತಿದ್ದದ್ದು 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಅಳೆದು ತಂದ ಲೆಕ್ಕ. ನಮ್ಮ ಭಾಗಕ್ಕೆ ಆಗ ಸಿಗುತ್ತಿದ್ದದ್ದು ಸುಮಾರು 90 ಮೀಟರಿಗೆ ಒಂದು ಅಳತೆ. ಇಂಥ ಎರಡು ಅಳತೆಗಳ ನಡುವೆ ಎಂಥ ಬಂಡೆ ಇದ್ದರೂ ಕಂಪ್ಯೂಟರ್ ಅದನ್ನು ಸವರಿಬಿಡುತ್ತದೆ. ನಂದಿ ಬೆಟ್ಟದ ಟಿಪ್ಪು ಡ್ರಾಪಿನ ಕಡಿದಾದ ಬಂಡೆ ಜಾರುಬಂಡೆಯಾಗುತ್ತದೆ. ಕೋಲಾರದ ಗುಂಡುಕಲ್ಲುಗಳು ಕಾಣೆಯಾಗುತ್ತವೆ. ಈ ಸೀಮೆಯಿಂದ ಕಲ್ಲು ತೆಗೆದರೆ ಇನ್ನೇನು ಉಳಿಯುತ್ತದೆ ಹೇಳಿ?

ಇದೆಲ್ಲ ಕಣ್ಣಿಗೆ ಕಾಣುವ ಕೊರತೆ. ಕಾಣದ ಕೊರತೆಯನ್ನು ನನಗೆ ತೋರಿಸಿದ್ದು ಪಕ್ಕದ ಮನೆಯವರು. ರೈಲ್ವೆಯಲ್ಲಿ ಡ್ರೈವರ್ ಆಗಿ ರಿಟೈರ್ ಆದವರು. ನಮಗೆಲ್ಲ ಅವರು ಡ್ರೈವರ್ ಮಾಮ. ಒಂದು ಸಂಜೆ ಕರೆದು ಕೂರಿಸಿ ಗಾಡಿ ಓಡಿಸಿ ತೋರಿಸಿದೆ. ಸ್ಟೇಷನ್ ಬಂತು, ಬ್ರೇಕ್ ಹಾಕಿದೆ, ನಿಂತಿತು.

"ಇದೇನೋ ಮಗಾ, ಸೈಕಲ್ ನಿಂತಂಗೆ ನಿಂತ್‌ಬಿಡ್ತು? ಗಾಳಿ ಎಲ್ಲೋಯ್ತು?" ಅಂದರು.

"ಯಾವ ಗಾಳಿ ಮಾಮ?"

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಎಡಗೈಯಲ್ಲಿ ಇಲ್ಲದ ಹಿಡಿಯೊಂದನ್ನು ಹಿಡಿದು ಮೆಲ್ಲಗೆ ತಿರುಗಿಸಿದರು. ಬಾಯಲ್ಲಿ ಸ್ಸ್ಸ್ ಅಂತ ಸದ್ದು. ಇಂಜಿನ್ನಿನಿಂದ ಕೊನೆಯ ಬೋಗಿವರೆಗೂ ಒಂದು ಪೈಪು ಇರುತ್ತದೆ. ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡದ ಗಾಳಿ. ಡ್ರೈವರ್ ಎ-9 ಹಿಡಿ ತಿರುಗಿಸಿದರೆ ಗಾಳಿ ಹೊರಗೆ ಹೋಗುತ್ತದೆ, ಒತ್ತಡ ಇಳಿಯುತ್ತದೆ, ಆಗ ಬ್ರೇಕ್ ಹಿಡಿಯುತ್ತದೆ. ಮುಂದಿನ ಬೋಗಿಗೆ ಮೊದಲು, ಹಿಂದಿನದಕ್ಕೆ ಆಮೇಲೆ. ಬಿಡುವಾಗಲೂ ಅಷ್ಟೇ. ಪೈಪು ಮತ್ತೆ ತುಂಬುವ ತನಕ ಕಾಯಬೇಕು. ತುಂಬುವ ಮೊದಲೇ ಮೇಲಿಂದ ಮೇಲೆ ಬ್ರೇಕ್ ಹಾಕಿದರೆ ಬೇಕಾದಾಗ ಹಿಡಿಯಲು ಗಾಳಿ ಉಳಿದಿರುವುದಿಲ್ಲ. ಬರೀ ಇಂಜಿನ್ ಹಿಡಿಯಲು ಎಸ್‌ಎ-9 ಅಂತ ಬೇರೆ ಹಿಡಿ. ಆ ರಾತ್ರಿಯೇ ಬೋಗಿಗಳ ಫೈಲು ತೆರೆದು ಅಂಕಿಗಳನ್ನು ತಿದ್ದಲು ಕೂತೆ. ಸರಿಹೋಗಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಪ್ಲಾಟ್‌ಫಾರ್ಮ್ ದಾಟಿ ಅರ್ಧ ಗಾಡಿ ಮುಂದೆ ಹೋಗಿ ನಿಂತಿತು. ಡ್ರೈವರ್ ಮಾಮ "ಹ್ಞಾ, ಈಗ ರೈಲಾಯ್ತು" ಅಂದರು.

ಹೊಗೆಯ ಬಗ್ಗೆ ಹೇಳಿದವರೂ ಅವರೇ. ಡಬ್ಲ್ಯೂಡಿಎಂ-2 ಥರದ ಆಲ್ಕೋ ಇಂಜಿನ್ನಿಗೆ ಎಂಟು ನಾಚು, ಅಂದರೆ ಶಕ್ತಿ ಏರಿಸುವ ಎಂಟು ಹಂತ. ನಾಚು ಏರಿಸಿದ ಕೂಡಲೇ ಡೀಸೆಲ್ ಜಾಸ್ತಿ ಹೋಗುತ್ತದೆ. ಗಾಳಿ ನೂಕುವ ಟರ್ಬೊ ವೇಗ ಹಿಡಿಯಲು ಮಾತ್ರ ಸ್ವಲ್ಪ ಹೊತ್ತು ಬೇಕು. ಆ ನಡುವಿನ ಕೆಲವು ಸೆಕೆಂಡು ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆ ಭುಸ್ ಅಂತ ಏಳುತ್ತದೆ, ಆಮೇಲೆ ತಿಳಿಯಾಗುತ್ತದೆ. ನನಗೆ ಸಿಕ್ಕ ಇಂಜಿನ್ನಿನಲ್ಲಿ ಊದುಬತ್ತಿಯ ಹಾಗೆ ಯಾವಾಗಲೂ ಒಂದೇ ಸಮ ಹೊಗೆ.

ಸದ್ದಿನ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಹಳಿಗಳು ನಮ್ಮಲ್ಲಿ ಒಂದೊಂದು 13 ಮೀಟರ್ ಉದ್ದ. ಸಂದಿ ದಾಟುವಾಗ ಟಕಟಕ್ ಅನ್ನುತ್ತದೆ. ಗಡಿಯಾರ ನೋಡಿಕೊಂಡು 47 ಸೆಕೆಂಡಿನಲ್ಲಿ ಎಷ್ಟು ಸಂದಿ ದಾಟಿತು ಅಂತ ಎಣಿಸಿದರೆ ಗಾಡಿ ಗಂಟೆಗೆ ಅಷ್ಟು ಕಿಲೋಮೀಟರ್ ವೇಗದಲ್ಲಿದೆ ಅಂತ ಲೆಕ್ಕ. ಅಮೆರಿಕದ ಹಳೆಯ ಹಳಿ 39 ಅಡಿ, ಇಂಗ್ಲೆಂಡಿನದು 60 ಅಡಿ. ಅಂದರೆ ಒಂದೇ ವೇಗದಲ್ಲಿ ಹೋದರೂ ಒಂದೊಂದು ದೇಶದ ರೈಲಿಗೆ ಒಂದೊಂದು ತಾಳ. ಬೇರೆ ದೇಶದ ಸದ್ದನ್ನು ತಂದು ಹಾಕಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಅಂತ ಹೇಳಲು ಬರುವುದಿಲ್ಲ, ಆದರೆ ಕಿವಿಗೆ ಗೊತ್ತಾಗುತ್ತದೆ.

ಮುಂದಿನ ವರ್ಷಗಳು ಬೇಗ ಉರುಳಿದವು. ಮೈಕ್ರೋಸಾಫ್ಟ್ ಎರಡನೆಯ ಗೇಮ್ ತರುತ್ತೇವೆ ಅಂತ ಎರಡು ಸಲ ಹೇಳಿ ಎರಡು ಸಲವೂ ಕೈಬಿಟ್ಟಿತು. ಎರಡನೆಯ ಸಲ ಕೈಬಿಟ್ಟಿದ್ದು 2009ರಲ್ಲಿ. ಅದೇ ವರ್ಷ ಎರಡು ಬೇರೆ ಬಾಗಿಲುಗಳು ತೆರೆದುಕೊಂಡವು. ಒಂದು ರೈಲ್‌ವರ್ಕ್ಸ್ ಎಂಬ ಗೇಮ್. ಮುಂದೆ ಡವ್‌ಟೇಲ್ ಎಂಬ ಕಂಪನಿಯ ಹೆಸರಿನಲ್ಲಿ ಬೆಳೆದು, ಒಂದೊಂದು ದಾರಿಯನ್ನೂ ದುಡ್ಡಿಗೆ ಮಾರುವ ಪದ್ಧತಿ ಗಟ್ಟಿಯಾಯಿತು. ಇನ್ನೊಂದು ಓಪನ್ ರೈಲ್ಸ್. ಹಳೆಯ ಮೈಕ್ರೋಸಾಫ್ಟ್ ದಾರಿಗಳನ್ನೇ ಹೊಸ ಕಂಪ್ಯೂಟರಿನಲ್ಲಿ ಓಡಿಸಲು ಜನ ತಾವಾಗಿ ಸೇರಿ ಬರೆದದ್ದು. ಅದು ಪುಕ್ಕಟೆ. ತಿರುವಿನಲ್ಲಿ ಹೊರಗಿನ ಹಳಿ ಎತ್ತರ ಇರಬೇಕು, ಗಾಡಿ ಒಳಕ್ಕೆ ವಾಲಬೇಕು ಎಂಬುದು ಅದರಲ್ಲಿ ಬಂತು. ದೂರದ ಬೆಟ್ಟ ಕಾಣಿಸುವ ವ್ಯವಸ್ಥೆಯೂ ಬಂತು. ಅದನ್ನು ಆನ್ ಮಾಡಿದ ದಿನ ನಾನು ಗಾಡಿ ಓಡಿಸಲೇ ಇಲ್ಲ. ನಿಲ್ಲಿಸಿಕೊಂಡು ದೂರದ ಗುಡ್ಡಗಳನ್ನೇ ನೋಡುತ್ತಾ ಕೂತಿದ್ದೆ.

ಅಲ್ಲಿಂದಾಚೆ ಪಿಚ್ಚರ್ ಬಹಳ ಸುಧಾರಿಸಿತು. ಮಳೆ ಹನಿ ಗಾಜಿನ ಮೇಲೆ ಜಾರುತ್ತದೆ, ಹಳಿ ಬಿಸಿಲಿಗೆ ಹೊಳೆಯುತ್ತದೆ. ಮೊಬೈಲಿನಲ್ಲೂ ನಮ್ಮ ರೈಲುಗಳು ಬಂದಿವೆ. ಆದರೆ ಮೊಬೈಲಿನಲ್ಲಿ ಬೆರಳು ಒತ್ತಿದ ಕೂಡಲೇ ಗಾಡಿ ನಿಲ್ಲುವುದನ್ನು ಕಂಡಾಗ ಡ್ರೈವರ್ ಮಾಮನ ಪ್ರಶ್ನೆಯೇ ನೆನಪಾಗುತ್ತದೆ. ಹೊಳೆಯುವ ಹಳಿಯನ್ನು ಜಾಹೀರಾತಿನಲ್ಲಿ ತೋರಿಸಬಹುದು. ಪೈಪಿನಲ್ಲಿ ಗಾಳಿ ತುಂಬುವುದನ್ನು ಹೇಗೆ ತೋರಿಸುತ್ತಾರೆ ಅಲ್ವಾ?

ನಮ್ಮ ದಾರಿಗೆ ಇನ್ನೊಂದು ತೊಡಕಿದೆ. ಯಾವ ವರ್ಷದ ದಾರಿ ಕಟ್ಟುವುದು? 1910ರ ದಶಕದಲ್ಲಿ ಇಲ್ಲಿ ಓಡಿದ್ದು ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ರೈಲು. ಆಮೇಲೆ ತುಂಡು ತುಂಡಾಗಿ ಬ್ರಾಡ್ ಗೇಜ್ ಆಯಿತು. ಚಿಕ್ಕಬಳ್ಳಾಪುರ ಮತ್ತು ಕೋಲಾರದ ನಡುವಿನ ತುಂಡು ಮುಗಿದದ್ದು 2013ರಲ್ಲಿ. ಕೋಲಾರದಿಂದ ಬಂಗಾರಪೇಟೆಗೆ ಬಸ್ಸಿನಂಥ ಒಂದೇ ಡಬ್ಬಿಯ ರೈಲ್‌ಬಸ್ ಓಡುತ್ತಿತ್ತು. ಅದೂ ಈಗಿಲ್ಲ. ಹಳಿ ಬೆಸೆದು ಹಾಸಿದ ಮೇಲೆ ಟಕಟಕ್ ತಾಳವೂ ಹೋಯಿತು. ಈಗ ಮೇಲೆ ಕರೆಂಟಿನ ತಂತಿ ಬಂದಿದೆ. ಸ್ಟೇಷನ್ನಿನಿಂದ ನೋಡಿದರೆ ಬೆಟ್ಟದ ಮುಂದೆ ಕಂಬಗಳ ಸಾಲು. ಪುಟ್ಟ ಹಳಿಯ ಕಾಲದ ಸದ್ದನ್ನು ಯಾರಾದರೂ ಟೇಪಿನಲ್ಲಿ ಹಿಡಿದಿಟ್ಟಿದ್ದರೆ ಒಳ್ಳೆಯದಿತ್ತು. ನನಗಂತೂ ಈವರೆಗೆ ಸಿಕ್ಕಿಲ್ಲ.

ಅದಕ್ಕೇ ನಾವು ಮೂರು ಜನ ಈಗ ಭಾನುವಾರಗಳಲ್ಲಿ ಅಳತೆ ಟೇಪು, ಮೊಬೈಲು ಹಿಡಿದು ಹೋಗುತ್ತಿದ್ದೇವೆ. ನಂದಿ ಹಾಲ್ಟಿನ ನೂರು ವರ್ಷ ದಾಟಿದ ಸ್ಟೇಷನ್ ಕಟ್ಟಡದ ಅಳತೆ ಮುಗಿದಿದೆ. ಗೇಟಿಗೆ ಮುಂಚೆ ಸೀಟಿ ಹಾಕಲು ಹೇಳುವ ಹಳದಿ ಬೋರ್ಡುಗಳು, ಹೊಲಕ್ಕೆ ಬೇಲಿಯಾಗಿ ನೆಟ್ಟ ಕಲ್ಲು ಚಪ್ಪಡಿ, ಶಿಡ್ಲಘಟ್ಟದ ಹತ್ತಿರದ ಹಿಪ್ಪುನೇರಳೆ ತೋಟ, ಚಿಂತಾಮಣಿ ಕಡೆಯ ಒಣಗಿದ ಕೆರೆಯ ಜಾಲಿ ಮರ ಎಲ್ಲದರ ಫೋಟೊ ಆಗಿದೆ. ಶ್ರೀನಿವಾಸಪುರದ ಮಾವಿನ ತೋಪು ಬಾಕಿ. ಹೂ ಬಿಟ್ಟಾಗ ಒಂದು ಸಲ, ಕಾಯಿ ತುಂಬಿದಾಗ ಇನ್ನೊಂದು ಸಲ ಹೋಗಬೇಕು.