‘ಡೋನಟ್ಸ್’ಗೆ ಹತ್ತಕ್ಕೆ ಹತ್ತು ಸಿಕ್ಕಿದ್ದು ಹೇಗೆ?

ಮಂಗಳೂರಲ್ಲಿ ತುಳು ರ‍್ಯಾಪ್‌ಗೆ ಬೀಟ್ ಮಾಡುವ ಹುಡುಗ್ರ ಹತ್ರ ಅಮೆರಿಕದ ಹಿಪ್‌ಹಾಪ್ ಬೀಟ್ ಮೇಕರ್ ಜೆ ಡಿಲ್ಲಾ ಹೆಸರೆತ್ತಿದ್ರೆ ಮೊದ್ಲು ಬರುದು ಅದೇ ಕಥೆ, ಆಸ್ಪತ್ರೆ ಮಂಚದಲ್ಲಿ ಕೂತು ‘ಡೋನಟ್ಸ್’ ಅನ್ನುವ ಇಡೀ ಆಲ್ಬಮ್ ಮಾಡಿದ್ರಂತೆ, ಅದು ಬಂದು ಮೂರೇ ದಿನಕ್ಕೆ ಹೋದ್ರಂತೆ. ಆ ಕಥೆ ಕೇಳಿ ಕೇಳಿ ಮ್ಯೂಸಿಕ್ ಕೇಳುದೇ ಕಮ್ಮಿ ಆಗಿದೆ ಅಂತ ನಂಗೆ ಬೇಜಾರುಂಟು.

‘ಡೋನಟ್ಸ್’ ಬಂದದ್ದು 2006ರ ಫೆಬ್ರವರಿ 7ಕ್ಕೆ, ಡಿಲ್ಲಾ ಅವರ 32ನೇ ಬರ್ತ್‌ಡೇ ದಿನ. 10ಕ್ಕೆ ತೀರಿಕೊಂಡ್ರು, ಟಿಟಿಪಿ ಅನ್ನುವ ರಕ್ತದ ಕಾಯಿಲೆ, ಜೊತೆಗೆ ಲೂಪಸ್. ಆಗಿನ ವಿಮರ್ಶಕರಿಗೆ ಆಲ್ಬಮ್ ಇಷ್ಟ ಆಗಿತ್ತು, ಆದ್ರೆ ತಲೆ ಮೇಲೆ ಹೊತ್ತು ಕುಣಿದದ್ದಲ್ಲ, ಪಿಚ್‌ಫೋರ್ಕ್ ಅನ್ನುವ ಮ್ಯೂಸಿಕ್ ವಿಮರ್ಶೆಯ ವೆಬ್‌ಸೈಟ್ ಹತ್ತಕ್ಕೆ ಕೊಟ್ಟದ್ದು 7.9. 31 ತುಣುಕು, ಹೆಚ್ಚಿನವು ಒಂದು ಒಂದೂವರೆ ನಿಮಿಷ, ರ‍್ಯಾಪ್ ಮಾಡುವವ್ರೇ ಇಲ್ಲ, ಶುರುವಾಗುದೇ ಔಟ್ರೋದಿಂದ, ಅಂದ್ರೆ ಸಾಮಾನ್ಯವಾಗಿ ಕೊನೆಗೆ ಬರುವ ತುಣುಕಿಂದ, ಕೊನೆಯದ್ದು ಹೋಗಿ ಪುನಃ ಮೊದಲಿನದ್ದಕ್ಕೆ ಸೇರ್ತದೆ. ಇಂಥದ್ದಕ್ಕೆ ಕಿವಿ ಒಗ್ಗಲಿಕ್ಕೆ ಟೈಮ್ ಬೇಕಲ್ವಾ ಮಾರಾಯ್ರೇ.

ಸಾವಿನ ಸುದ್ದಿ ಬಂದ ಮೇಲೆ ಎಲ್ಲರೂ ಟ್ರ್ಯಾಕ್ ಹೆಸರು ಓದ್ಲಿಕ್ಕೆ ಶುರುಮಾಡಿದ್ರು, ‘ಡೋಂಟ್ ಕ್ರೈ’, ‘ಬೈ’, ‘ಲಾಸ್ಟ್ ಡೋನಟ್ ಆಫ್ ದಿ ನೈಟ್’, ಇದೆಲ್ಲ ವಿದಾಯದ ಪತ್ರ ಅಂತ ಆಯ್ತು. ಮುಂದೆ ಇದೇ ಆಲ್ಬಮ್ 45 ಆರ್‌ಪಿಎಂನ ಸಣ್ಣ ವಿನೈಲ್ ರೆಕಾರ್ಡ್‌ಗಳ ಬಾಕ್ಸ್ ಸೆಟ್ ಆಗಿ ಬಂದಾಗ ಅದೇ ಪಿಚ್‌ಫೋರ್ಕ್ ಹತ್ತಕ್ಕೆ ಹತ್ತು ಕೊಟ್ಟಿತು.

2022ರಲ್ಲಿ ಡ್ಯಾನ್ ಚಾರ್ನಾಸ್ ಬರೆದ ಡಿಲ್ಲಾ ಜೀವನಚರಿತ್ರೆ ಬಂತು, ಆಸ್ಪತ್ರೆ ಕಥೆಯ ಬಹುಪಾಲು ಬರೀ ದಂತಕಥೆ ಅಂತ ಅದ್ರಲ್ಲಿ ಗೊತ್ತಾಯ್ತು. ಮೂಲದಲ್ಲಿ ‘ಡೋನಟ್ಸ್’ ಒಂದು ಬೀಟ್ ಟೇಪ್, ಅಂದ್ರೆ ಬರೀ ಬೀಟ್‌ಗಳ ಸಂಗ್ರಹ, ಅದನ್ನು ಎಡಿಟ್ ಮಾಡಿ ಆಲ್ಬಮ್ ಉದ್ದಕ್ಕೆ ತಂದದ್ರಲ್ಲಿ ಸ್ಟೋನ್ಸ್ ಥ್ರೋ ಲೇಬಲ್ಲಿನ ಜೆಫ್ ಜ್ಯಾಂಕ್ ಅವರ ಕೈ ದೊಡ್ಡದುಂಟು.

ಇದ್ರಿಂದ ಆಲ್ಬಮ್ ಸಣ್ಣದಾಯ್ತಾ? ನಂಗೆ ಹಾಗೆ ಅನಿಸುದೇ ಇಲ್ಲ. ‘ಡೋಂಟ್ ಕ್ರೈ’ಯನ್ನೇ ತಗೊಳ್ಳಿ, ಮೊದ್ಲು ದಿ ಎಸ್ಕಾರ್ಟ್ಸ್ ಅನ್ನುವ ಸೋಲ್ ಗ್ರೂಪಿನ ಹಾಡು ಹೆಚ್ಚುಕಮ್ಮಿ ಹಾಗೇ ಹೋಗ್ತದೆ, ಆಮೇಲೆ ಅದನ್ನೇ ಸಣ್ಣಸಣ್ಣ ಚೂರು ಮಾಡಿ ಹಿಂದೆಮುಂದೆ ಜೋಡಿಸಿದ್ದಾರೆ, ಹಾಡುವವ್ರ ಸ್ವರ ಅರ್ಧಕ್ಕೆ ತುಂಡಾಗಿ ಸೀದಾ ಡ್ರಮ್ ಮೇಲೆ ಬಂದು ಬೀಳ್ತದೆ, ಆದ್ರೂ ಹಾಡಿನ ದುಃಖ ಎಲ್ಲಿಯೂ ಹೋಗುದಿಲ್ಲ. ಇದು ಗೊತ್ತಾಗ್ಲಿಕ್ಕೆ ಅವರ ಕಾಯಿಲೆ ಗೊತ್ತಿರ್ಬೇಕು ಅಂತಿಲ್ಲ. 7.9 ಕೊಟ್ಟವ್ರ ಮೇಲೆ ನಂಗೇನೂ ಸಿಟ್ಟಿಲ್ಲ, ಕಥೆ ಅಂಟುವ ಮೊದ್ಲೇ ಕೇಳಿ ಬರೆದವ್ರು ಅವ್ರು. ನನ್ನದೂ ಹತ್ತಕ್ಕೆ ಹತ್ತೇ, ಅದು ಈ ಕತ್ತರಿ ಕೆಲಸಕ್ಕೆ, ಜ್ಯಾಂಕ್ ಅವರ ಪಾಲನ್ನೂ ಸೇರಿಸಿ.