ಕಾಣದ ಗಾಯಕ್ಕೆ ಪರಿಹಾರ: ಕೆಲಸದಲ್ಲಿ ತಲೆಗೆ ಪೆಟ್ಟು ಬಿದ್ದವರ ಹಳೆಯ ಹೋರಾಟ

ಕೆಲಸ ಮಾಡುವಾಗ ಬೆರಳು ತುಂಡಾದರೆ ಪರಿಹಾರ ಎಷ್ಟು ಎಂದು ಹೇಳುವ ಪಟ್ಟಿ ಹಲವು ದೇಶಗಳ ಕಾನೂನಿನಲ್ಲಿದೆ. ಹೆಬ್ಬೆರಳಿಗೆ ಇಷ್ಟು, ಒಂದು ಕಣ್ಣಿಗೆ ಇಷ್ಟು, ಮೊಣಕಾಲಿನ ಕೆಳಗೆ ಕಾಲು ಹೋದರೆ ಇಷ್ಟು. ಆದರೆ ನೆನಪು ಹೋದರೆ? ಸಣ್ಣ ಸದ್ದಿಗೂ ಸಿಟ್ಟು ನೆತ್ತಿಗೇರುವಂತಾದರೆ? ಹತ್ತು ನಿಮಿಷ ಒಂದು ಕೆಲಸದ ಮೇಲೆ ಗಮನ ಇಡಲು ಆಗದಿದ್ದರೆ? ಇವನ್ನು ಅಳೆಯಲು ಅಂಥ ಸುಲಭದ ಪಟ್ಟಿ ಇಲ್ಲ. ಮೆದುಳಿಗೆ ಪೆಟ್ಟಾದ ಕಾರ್ಮಿಕರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯುವುದಕ್ಕೆ ಕಾರಣ ಹುಡುಕಿದರೆ, ಅದು ಈ ವ್ಯವಸ್ಥೆಯ ಬುಡದಲ್ಲೇ ಸಿಗುತ್ತದೆ. ಇದನ್ನು ಕಟ್ಟಿದ್ದೇ ಕಣ್ಣಿಗೆ ಕಾಣುವ ಗಾಯಕ್ಕಾಗಿ.

ಅದಕ್ಕೂ ಮುಂಚೆ ಕಾಣುವ ಗಾಯಕ್ಕೂ ಗತಿ ಇರಲಿಲ್ಲ. 1842ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಫಾರ್ವೆಲ್ ಎಂಬ ರೈಲು ಎಂಜಿನ್ ಚಾಲಕ ಕಂಪನಿಯ ಮೇಲೆ ಹಾಕಿದ್ದ ಕೇಸು ಬಿದ್ದುಹೋಯಿತು. ಹಳಿ ಬದಲಿಸುವವನ ತಪ್ಪಿನಿಂದ ಅವನ ಕೈ ಹೋಗಿತ್ತು. ತಪ್ಪು ಜೊತೆ ಕೆಲಸಗಾರನದು, ಕಂಪನಿ ಹೊಣೆಯಲ್ಲ ಎಂದಿತು ಕೋರ್ಟು. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದ್ದಾನೆ, ಸಂಬಳದಲ್ಲೇ ಅದರ ಲೆಕ್ಕವೂ ಸೇರಿದೆ ಎಂಬುದು ಆಗಿನ ವಾದ.

ಇದಾಗಿ ಆರು ವರ್ಷಕ್ಕೆ, 1848ರ ಸೆಪ್ಟೆಂಬರ್ 13ರಂದು, ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಬಳಿ ಫಿನಿಯಾಸ್ ಗೇಜ್‌ಗೆ ಅಪಘಾತವಾಯಿತು. ರೈಲು ದಾರಿಗಾಗಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿ, ವಯಸ್ಸು 25. ಬಂಡೆಯ ತೂತಿಗೆ ಮದ್ದು ತುಂಬಿ ಕಬ್ಬಿಣದ ಸಲಾಕೆಯಿಂದ ಜಡಿಯುವಾಗ ಅದು ಸಿಡಿಯಿತು. ಮೂರೂವರೆ ಅಡಿಗಿಂತ ಉದ್ದದ, ಸುಮಾರು 6 ಕಿಲೋ ತೂಕದ ಸಲಾಕೆ ಎಡಗೆನ್ನೆಯ ಮೂಳೆಯ ಕೆಳಗೆ ಹೊಕ್ಕು ನೆತ್ತಿಯಿಂದ ಹೊರಬಂತು. ಆದರೂ ಆತ ಕೆಲವೇ ನಿಮಿಷದಲ್ಲಿ ಮಾತಾಡಿದ. ಎತ್ತಿನ ಗಾಡಿಯಲ್ಲಿ ಕೂತುಕೊಂಡೇ ಊರಿಗೆ ಬಂದ.

ಗೇಜ್ ಕಥೆಯನ್ನು ವೈದ್ಯಕೀಯ ಅಚ್ಚರಿಯಾಗಿ ಹೇಳುವುದೇ ಜಾಸ್ತಿ. ಅದು ಒಬ್ಬ ಕಾರ್ಮಿಕನ ಕಥೆಯೂ ಹೌದು ಎಂಬುದು ಮರೆತುಹೋಗುತ್ತದೆ. ಅವನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹಾರ್ಲೋ 1868ರಲ್ಲಿ ಬರೆದ ವರದಿಯಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ರಾಚುತ್ತದೆ. ಅಪಘಾತಕ್ಕೆ ಮುಂಚೆ ಇವನಷ್ಟು ಸಮರ್ಥ ಮೇಸ್ತ್ರಿ ಇಲ್ಲ ಅನ್ನುತ್ತಿದ್ದ ಯಜಮಾನರು, ಸ್ವಭಾವ ಬದಲಾಗಿದೆ ಎಂದು ಅವನಿಗೆ ಆ ಕೆಲಸ ಮತ್ತೆ ಕೊಡಲಿಲ್ಲ. ಪರಿಹಾರ ಕೊಡಿ ಅನ್ನುವ ಕಾನೂನು ಆಗ ಇರಲಿಲ್ಲ. ಕುದುರೆ ಲಾಯದಲ್ಲಿ, ಆಮೇಲೆ ಚಿಲಿ ದೇಶದಲ್ಲಿ ಗಾಡಿ ಹೊಡೆದು ಬದುಕಿದ. ಅಪಘಾತವಾಗಿ ಹನ್ನೊಂದು ವರ್ಷ ಕಳೆದ ಮೇಲೆ ಫಿಟ್ಸ್ ಶುರುವಾಗಿ 1860ರಲ್ಲಿ ತೀರಿಕೊಂಡ.

ಗೇಜ್ ತಲೆಬುರುಡೆಯಲ್ಲಿ ತೂತಾದರೂ ಇತ್ತು. ಹೊರಗೆ ಏನೂ ಕಾಣದವರ ಜಗಳ ಶುರುವಾದದ್ದು ರೈಲು ಅಪಘಾತಗಳಿಂದ. ಡಿಕ್ಕಿಯಲ್ಲಿ ಮೂಳೆ ಮುರಿಯದೆ ಎದ್ದು ಬಂದವರು ಕೆಲವು ದಿನಗಳಲ್ಲಿ ನಿದ್ದೆ, ನೆನಪು, ಗಮನ ಎಲ್ಲ ಕಳೆದುಕೊಳ್ಳುತ್ತಿದ್ದರು. ಇದು ಬೆನ್ನುಹುರಿಗೆ ಆದ ನಿಜವಾದ ಹಾನಿ ಎಂದು ಲಂಡನ್ನಿನ ಸರ್ಜನ್ ಎರಿಕ್ಸನ್ 1866ರಲ್ಲಿ ವಾದಿಸಿದರು. 1883ರಲ್ಲಿ ಹರ್ಬರ್ಟ್ ಪೇಜ್ ಅದನ್ನು ಅಲ್ಲಗಳೆದರು. ಹೆದರಿಕೆಯೇ ಇದಕ್ಕೆ ಮುಖ್ಯ ಕಾರಣ ಎಂದರು. ಪೇಜ್ ರೈಲು ಕಂಪನಿಯೊಂದರ ಸರ್ಜನ್ ಆಗಿದ್ದರು. ಹಣ ಕೊಡಬೇಕಾದವರ ಕಡೆಯ ಡಾಕ್ಟರು ಒಂದು ಮಾತು, ಗಾಯಗೊಂಡವರ ಕಡೆಯ ಡಾಕ್ಟರು ಇನ್ನೊಂದು ಮಾತು. ಈ ಜಗ್ಗಾಟ ಇವತ್ತಿಗೂ ನಿಂತಿಲ್ಲ, ಅಲ್ವಾ?

1884ರಲ್ಲಿ ಬಿಸ್ಮಾರ್ಕನ ಜರ್ಮನಿ ಅಪಘಾತ ವಿಮೆಯ ಕಾನೂನು ತಂದಿತು. 1897ರಲ್ಲಿ ಬ್ರಿಟನ್, 1911ರಿಂದ ಅಮೆರಿಕದ ರಾಜ್ಯಗಳು ಒಂದೊಂದಾಗಿ, 1923ರಲ್ಲಿ ಭಾರತ ಇಂಥ ಕಾಯ್ದೆಗಳನ್ನು ತಂದವು. ತಪ್ಪು ಯಾರದು ಎಂದು ಕೇಳದೆ ಪರಿಹಾರ ಕೊಡುವುದು ಇವುಗಳ ತಿರುಳು. ಬಹಳ ಕಡೆ ಅದಕ್ಕೆ ಬದಲಾಗಿ ಕಾರ್ಮಿಕ ಮಾಲೀಕನ ಮೇಲೆ ಕೇಸು ಹಾಕುವ ಹಕ್ಕು ಬಿಟ್ಟುಕೊಡಬೇಕು. ದೊಡ್ಡ ಹೆಜ್ಜೆಯೇ. ಆದರೆ ತಪ್ಪು ಸಾಬೀತು ಮಾಡುವ ಹೊರೆ ಇಳಿದ ಜಾಗದಲ್ಲಿ ಗಾಯ ಸಾಬೀತು ಮಾಡುವ ಹೊರೆ ಕೂತಿತು.

ಅದರ ಏಟು ಮೊದಲು ಕಂಡದ್ದೂ ಜರ್ಮನಿಯಲ್ಲೇ. ಅಪಘಾತದ ಆಘಾತದಿಂದ ನರಮಂಡಲಕ್ಕೇ ಹಾನಿಯಾಗುತ್ತದೆ ಎಂದು ಬರ್ಲಿನ್ನಿನ ನರತಜ್ಞ ಒಪೆನ್‌ಹೈಮ್ 1889ರಲ್ಲಿ ಬರೆದರು. ಪಿಂಚಣಿ ಆಸೆಯೇ ರೋಗ ಎಂದು ಎದುರಾಳಿಗಳು ಹೇಳಿದರು. 1926ರಲ್ಲಿ ಅಲ್ಲಿನ ವಿಮಾ ಇಲಾಖೆ ಇಂಥ ಪ್ರಕರಣಗಳಿಗೆ ಪರಿಹಾರದ ಬಾಗಿಲನ್ನೇ ಮುಚ್ಚಿತು.

1956ರಲ್ಲಿ ಸಬೀನಾ ಸ್ಟ್ರಿಚ್ ಎಂಬ ವೈದ್ಯೆ, ತಲೆಗೆ ತೀವ್ರ ಪೆಟ್ಟಾಗಿ ಆಮೇಲೆ ಸತ್ತವರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೆದುಳಿನ ಒಳಗೆಲ್ಲ ನರತಂತುಗಳು ಹಾಳಾಗಿದ್ದವು. ಇಷ್ಟು ಸಾಕ್ಷಿ ಸಿಕ್ಕರೂ ಗಾಳಿ ಬದಲಾಗಲಿಲ್ಲ. 1961ರಲ್ಲಿ ಬ್ರಿಟನ್ನಿನ ನರತಜ್ಞ ಹೆನ್ರಿ ಮಿಲ್ಲರ್, ಸಣ್ಣ ಪೆಟ್ಟಿನವರೇ ಹೆಚ್ಚು ದೂರುತ್ತಾರೆ, ದುಡ್ಡು ಕೈಸೇರಿದ ಮೇಲೆ ಬಹುತೇಕರು ಗುಣವಾಗುತ್ತಾರೆ ಎಂದರು. ಈ ಮಾತು ವಿಮಾ ಕಂಪನಿಗಳ ವಕೀಲರಿಗೆ ಎಷ್ಟು ಹಿತವಾಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಆಮೇಲಿನ ಅಧ್ಯಯನಗಳಲ್ಲಿ ಕೇಸು ಮುಗಿದ ಮೇಲೂ ಕೆಲಸಕ್ಕೆ ಮರಳಲಾಗದವರು ಬಹಳ ಮಂದಿ ಸಿಕ್ಕರು. ಆದರೂ ಅನುಮಾನ ಮಾತ್ರ ಹೋಗಲಿಲ್ಲ.

1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ರೋಗಿಯೊಬ್ಬರ ಮೆದುಳಿನ ಸಿಟಿ ಸ್ಕ್ಯಾನ್ ನಡೆಯಿತು. ಸಿಟಿ ರಕ್ತಸ್ರಾವ ಹಿಡಿಯುತ್ತದೆ, ಹರಿದ ನರತಂತು ಹೆಚ್ಚಾಗಿ ಅದರ ಕಣ್ಣು ತಪ್ಪಿಸುತ್ತದೆ. ಹಾಗಾಗಿ 'ಸ್ಕ್ಯಾನ್ ನಾರ್ಮಲ್' ಅನ್ನುವ ಚೀಟಿ ಕ್ಲೇಮು ತಿರಸ್ಕರಿಸಲು ಹೊಸ ಆಯುಧವಾಯಿತು. 1974ರಲ್ಲಿ ಬಂದ ಗ್ಲಾಸ್ಗೋ ಕೋಮಾ ಸ್ಕೇಲ್‌ಗೂ ಇದೇ ಗತಿ. ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗೆ ಅಳೆಯುವ ಈ ಅಂಕ ಬಂದದ್ದು ರೋಗಿಯ ಆರೈಕೆಗಾಗಿ. ಪೆಟ್ಟಾದ ದಿನ 15ಕ್ಕೆ 15 ಬಂದವರಿಗೂ ತಿಂಗಳುಗಟ್ಟಲೆ ತಲೆನೋವು, ಮರೆವು ಕಾಡಬಹುದು. ಪರಿಹಾರದ ಫೈಲಿನಲ್ಲಿ ಆ ಅಂಕವೇ ಅವರಿಗೆ ಎದುರು ಸಾಕ್ಷಿ ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಕ್ಲೇಮು ನಡೆಸಲು ಬೇಕಾದದ್ದು ನೆನಪು, ತಾಳ್ಮೆ, ಲೆಕ್ಕ, ಮಾತಿನ ಸ್ಪಷ್ಟತೆ. ಪೆಟ್ಟು ಬಿದ್ದಿರುವುದು ಅವಕ್ಕೇ. ಗಡುವಿನೊಳಗೆ ನೋಟಿಸ್ ಕೊಡಬೇಕು, ಅಪಘಾತ ಹೇಗಾಯಿತು ಎಂದು ಪ್ರತಿ ಸಲ ಒಂದೇ ಥರ ಹೇಳಬೇಕು. ಹೇಳಿಕೆ ಸ್ವಲ್ಪ ಆಚೀಚೆ ಆದರೆ ಸುಳ್ಳುಗಾರ ಅನ್ನುತ್ತಾರೆ. ತನಗೆ ತೊಂದರೆ ಆಗಿದೆ ಎಂಬುದೇ ತಿಳಿಯದಿರುವುದೂ ಈ ಗಾಯದ ಒಂದು ಲಕ್ಷಣ. ಅಂಥವರು ಕಂಪನಿ ಕಳಿಸಿದ ಡಾಕ್ಟರ ಮುಂದೆ 'ಆರಾಮಾಗಿದ್ದೀನಿ' ಅಂದುಬಿಡುತ್ತಾರೆ. ತೀರಾ ಅಸಮರ್ಥರಾದವರಿಗೆ ಕೆಲವು ಕಡೆ ಗಡುವು ಸಡಿಲಿಸುತ್ತಾರೆ. ನಡೆದಾಡಿಕೊಂಡು, ಮಾತಾಡಿಕೊಂಡು ಇರುವವರಿಗೆ ಆ ರಿಯಾಯಿತಿ ಸಿಗುವುದು ಕಷ್ಟ.

ಇಡಿಗಂಟಿನ ಆಮಿಷವೂ ಇದೆ. ಒಂದೇ ಸಲಕ್ಕೆ ಹಣ ಪಡೆದು ಸಹಿ ಹಾಕಿದರೆ ಸಾಮಾನ್ಯವಾಗಿ ಫೈಲು ಮುಚ್ಚಿದಂತೆಯೇ. ತೀವ್ರ ಪೆಟ್ಟಿನ ನಂತರ ಫಿಟ್ಸ್ ವರ್ಷಗಳ ಮೇಲೂ ಬರಬಹುದು. ಆಗ ಔಷಧಿಯ ಖರ್ಚು ಮನೆಯವರ ತಲೆಗೇ ಬರುತ್ತದೆ.

ಹಾಗಾಗಿ ಈ ಕೇಸುಗಳಲ್ಲಿ ಮನೆಯವರು, ಜೊತೆ ಕೆಲಸಗಾರರು ಹೇಳುವ ಮಾತಿಗೆ ಬಹಳ ತೂಕವಿದೆ. ಮೊದಲು ಏನೇನು ಮಾಡುತ್ತಿದ್ದರು, ಈಗ ಎಲ್ಲಿ ಎಡವುತ್ತಾರೆ ಎಂದು ತಾರೀಖು ಹಾಕಿ ಬರೆದಿಟ್ಟ ಟಿಪ್ಪಣಿ, ಅದರ ಜೊತೆಗೆ ಗಮನ ಮತ್ತು ನೆನಪನ್ನು ಗಂಟೆಗಟ್ಟಲೆ ಅಳೆಯುವ ನರಮನೋವಿಜ್ಞಾನದ ಪರೀಕ್ಷೆ. ಸ್ಕ್ಯಾನ್ ತೋರಿಸದ್ದನ್ನು ಇವೆರಡೂ ಸೇರಿ ತೋರಿಸಿದ ಉದಾಹರಣೆಗಳಿವೆ. ಆ ಟಿಪ್ಪಣಿಯನ್ನು ಅಪಘಾತವಾದ ವಾರದಿಂದಲೇ ಬರೆಯಲು ಶುರುಮಾಡಬೇಕು. ಆಸ್ಪತ್ರೆಯಲ್ಲಿ ಇದನ್ನು ಯಾರಾದರೂ ಹೇಳಿಕೊಡುತ್ತಾರೆ ಎಂದು ಕಾಯಬೇಡಿ.