ಲಾಯದ ಕುದುರೆ ಬಾಗಿಲು ಯಾಕೆ ಕಚ್ಚತ್ತೆ? ನಮ್ಮ ಬ್ಯಾಚಿನವರಿಗೆ ನೋಟ್ಸ್

ಶಿರಸಿ, ಸಿದ್ದಾಪುರ ಕಡೆಯ ನಮಗೆಲ್ಲ ಕೊಟ್ಟಿಗೆ ಅಂದ್ರೆ ದನ, ಹಾಗಾಗಿ ಲಾಯದ ಕುದುರೆಯ ಚಟಗಳ ಈ ಪಾಠ ಓದುವಾಗ ಮೊದಲು ತಲೆಯಿಂದ ದನದ ಲೆಕ್ಕ ತೆಗೀಬೇಕು. ದನಕ್ಕೆ ಬೆಳಿಗ್ಗೆ ಒಂದು ಹೊರೆ ಹುಲ್ಲು ಹಾಕಿದ್ರೆ ತಿಂದು, ಮಲಗಿ, ಮೆಲುಕು ಹಾಕ್ತಾ ಮಧ್ಯಾಹ್ನದವರೆಗೆ ಆರಾಮಾಗಿ ಇರತ್ತೆ. ಕುದುರೆ ಮೆಲುಕು ಹಾಕೋದಿಲ್ಲ. ಜಠರ ಒಂದೇ, ಅದೂ 8ರಿಂದ 15 ಲೀಟರ್ ಹಿಡಿಯುವಷ್ಟು ಸಣ್ಣದು, ಆದ್ರೆ ಆಸಿಡ್ ಮಾತ್ರ ತಿಂದ್ರೂ ತಿನ್ನದಿದ್ರೂ ದಿನಪೂರ್ತಿ ಬರ್ತಾನೇ ಇರತ್ತೆ, ಅದನ್ನ ತಣಿಸೋ ಜೊಲ್ಲು ಬರೋದು ಅಗಿಯುವಾಗ. ಬಯಲಲ್ಲಿ ಬಿಟ್ಟ ಕುದುರೆ ದಿನಕ್ಕೆ 16 ಗಂಟೆ ಹತ್ತಿರ ಮೇಯತ್ತೆ. ನಾವು ಎರಡು ಹೊತ್ತು ಹುರುಳಿ, ತವಡು ಕೊಟ್ಟು ಬಾಗಿಲು ಹಾಕಿ ಬರ್ತೇವೆ. ಉಳಿದ ಹೊತ್ತು ಅದು ಏನು ಮಾಡಬೇಕು ಹೇಳಿ?

ಕ್ರಿಬ್ ಬೈಟಿಂಗ್ ಅಂದ್ರೆ ಈ ಕಚ್ಚೋ ಚಟ, ಹತ್ತಿರದಿಂದ ನೋಡಿದವರಿಗೆ ಮರೆಯೋದಿಲ್ಲ. ಮುಂದಿನ ಹಲ್ಲನ್ನ ಗೋದಲಿ ಅಂಚಿಗೋ ಬಾಗಿಲ ಪಟ್ಟಿಗೋ ಊರಿ, ಕುತ್ತಿಗೆ ಬಿಲ್ಲಿನ ಹಾಗೆ ಬಗ್ಗಿಸಿ ಹಿಂದಕ್ಕೆ ಎಳೆದಾಗ ಗಂಟಲಲ್ಲಿ ‘ಹುಂಕ್’ ಅಂತ ಸದ್ದು ಬರತ್ತೆ. ಗಾಳಿ ಅನ್ನನಾಳದ ಮೇಲ್ಭಾಗಕ್ಕೆ ಹೋಗತ್ತೆ, ಬಹುಪಾಲು ವಾಪಸ್ ಬರತ್ತೆ. ಹೀಗೆ ವರ್ಷಗಟ್ಟಲೆ ಮಾಡಿದ ಕುದುರೆಯ ಮೇಲಿನ ಬಾಚಿಹಲ್ಲು ಸವೆದಿರೋದು ಬಾಯಿ ತೆರೆದ ಕೂಡಲೇ ಗೊತ್ತಾಗತ್ತೆ. ಕೋಲಿಕ್, ಅಂದ್ರೆ ಜೋರು ಹೊಟ್ಟೆನೋವಿನ ಸಾಧ್ಯತೆನೂ ಇಂಥವಕ್ಕೆ ಜಾಸ್ತಿ. ತಾಯಿ ಹಾಲು ಬಿಡಿಸಿದ ಮೇಲೆ ಮರಿಗೆ ಹುಲ್ಲು ಕಮ್ಮಿ ಮಾಡಿ ಕಾಳು ತುಂಬಿಸಿದ್ರೆ ಈ ಚಟ ಹತ್ತೋದು ಹೆಚ್ಚು ಅಂತ ಅಧ್ಯಯನಗಳಲ್ಲಿ ಕಂಡಿದೆ, ಇದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ.

ಜನ ಮೊದಲು ಮಾಡೋದು ಕುತ್ತಿಗೆಗೆ ಬಿಗಿಯಾಗಿ ಪಟ್ಟಿ ಕಟ್ಟೋದು. ನನಗೆ ಇದು ಸುತಾರಾಂ ಸರಿ ಅನ್ಸಲ್ಲ, ಕಾರಣ ಹಾಗೇ ಇರತ್ತೆ, ಪಟ್ಟಿ ಬಿಚ್ಚಿದ ದಿನ ಮೊದಲಿಗಿಂತ ಜಾಸ್ತಿ ಕಚ್ಚತ್ತೆ. ಬೇರೆ ಕುದುರೆ ನೋಡಿ ಕಲಿಯತ್ತೆ ಅಂತ ಒಂಟಿಯಾಗಿ ಕಟ್ಟೋದಂತೂ ಇನ್ನೂ ಕೆಟ್ಟದ್ದು. ನೋಡಿ ಕಲಿಯತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ಒಂಟಿತನದಿಂದ ಚಟ ಹೆಚ್ಚೋದು ಮಾತ್ರ ನಿಜ.

ಮೊದಲ ಔಷಧ ಹುಲ್ಲು. ನೀರಿನಂಶ ಬಿಟ್ಟು ಒಣ ಲೆಕ್ಕದಲ್ಲಿ ದೇಹತೂಕದ ಶೇ. 1.5ಕ್ಕಿಂತ ಕಮ್ಮಿ ಆಗಬಾರದು, ಅಂದ್ರೆ 400 ಕೆಜಿ ಕುದುರೆಗೆ ದಿನಕ್ಕೆ 6 ಕೆಜಿ, 8 ಆದ್ರೆ ಒಳ್ಳೇದು, ನಾಲ್ಕೈದು ಸಲ ಹಂಚಿ ಹಾಕಬೇಕು, ರಾತ್ರಿಗೂ ಇರಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿದ್ರೆ ನಿಧಾನ ತಿನ್ನತ್ತೆ, ಆದ್ರೆ ಕರಾವಳಿಯವರು ಹಳೆ ಮೀನಿನ ಬಲೆ ಕಟ್ಟೋಕೆ ಹೋಗಬೇಡಿ, ತೆಳು ದಾರ ಹಲ್ಲಿಗೆ ಸಿಕ್ಕೊಳ್ಳತ್ತೆ, ದಪ್ಪ ಹಗ್ಗದ್ದೇ ಬೇಕು, ಖಾಲಿಯಾಗಿ ಜೋತುಬಿದ್ದಾಗಲೂ ಗೊರಸು ಸಿಗದಷ್ಟು ಎತ್ತರಕ್ಕೆ. ಬೆಟ್ಟದ ಕರಡ, ಭತ್ತದ ಹುಲ್ಲು ಹೊಟ್ಟೆ ತುಂಬಿಸತ್ತೆ ನಿಜ, ಬರೀ ಅದನ್ನೇ ಹಾಕಿದ್ರೆ ಸತ್ವ ಸಾಲೋದಿಲ್ಲ. ಮಳೆಗಾಲದಲ್ಲಿ ಬೂಸಲು ಹಿಡಿದ ಹುಲ್ಲು ಒಂದು ಹಿಡಿಯೂ ಬೇಡ. ದನದ ಫೀಡ್ ಕೊಡಲೇಬಾರದು ಮಾರಾಯ್ರೆ, ಕೆಲವದರಲ್ಲಿ ಹಾಕೋ ಮೊನೆನ್ಸಿನ್ ಅನ್ನೋ ಔಷಧ ಕುದುರೆ ಹೃದಯಕ್ಕೆ ವಿಷ.

ವೀವಿಂಗ್ ಅಂದ್ರೆ ಬಾಗಿಲಲ್ಲಿ ನಿಂತು ತಲೆ ಅತ್ತಿತ್ತ ಆಡಿಸ್ತಾ ಒಂದು ಮುಂಗಾಲಿಂದ ಇನ್ನೊಂದಕ್ಕೆ ಭಾರ ಬದಲಿಸೋದು. ಇಲ್ಲಿ ಮುಖ್ಯ ಕೊರತೆ ಜೊತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಘಟ್ಟದ ಮಳೆಯಲ್ಲಿ ಹೊರಗೆ ಬಿಡೋದೇ ಕಷ್ಟ, ಆಗ ಜಾಸ್ತಿ ಆಗೋ ಅವಕಾಶ ಇದೆ. ಪಕ್ಕದ ಕುದುರೆ ಕಾಣೋ ಹಾಗೆ ಗೋಡೆಗೆ ಸರಳಿನ ಕಿಂಡಿ ಇಡಿ, ಎರಡನೇ ಕುದುರೆ ಇಲ್ದಿದ್ರೆ ಒಂದು ಆಡು ಜೊತೆಗಿದ್ರೂ ನಡೆಯತ್ತೆ, ಒಡೆಯದ ಕನ್ನಡಿ ಹಾಕಿದ್ರೂ ಬಹಳ ಕುದುರೆಗಳಲ್ಲಿ ಕಮ್ಮಿ ಆಗತ್ತೆ. ಮಳೆ ಹೊಳವಾದ ಕೂಡಲೇ ಅರ್ಧ ಗಂಟೆ ಆದ್ರೂ ನಡೆಸಿ.

ಬಾಗಿಲು ಒದೆಯೋದು ಬೇರೆ ಜಾತಿ, ಅದನ್ನ ಕಲಿಸಿದ್ದೇ ನಾವು. ಒದ್ದಾಗ ಬಕೆಟ್ ಹಿಡ್ಕೊಂಡು ಓಡಿದ್ರೆ ಒದ್ರೆ ಊಟ ಅಂತ ಅದಕ್ಕೆ ಗೊತ್ತಾಯ್ತು. ನಾಲ್ಕೂ ಕಾಲು ಊರಿ ಸುಮ್ಮನೆ ನಿಂತ ಕ್ಷಣಕ್ಕೇ ಕೊಡಿ. ಶುರುವಲ್ಲಿ ಇನ್ನೂ ಜೋರಾಗಿ ಒದೆಯತ್ತೆ, ಆಗ ಮನೆಯವರಲ್ಲಿ ಒಬ್ಬರು ಸೋತು ಕೊಟ್ರೂ ಇನ್ನೂ ಗಟ್ಟಿಯಾಗಿ ಒದೆಯೋದನ್ನ ಕಲಿಯತ್ತೆ.

ಇದೆಲ್ಲದಕ್ಕೂ ಮೊದಲು ಡಾಕ್ಟರ ಹತ್ರ ಹಲ್ಲು, ಹೊಟ್ಟೆಹುಣ್ಣು ನೋಡಿಸಿ, ನೋವಿದ್ರೆ ಬಲೆ, ಕನ್ನಡಿ ಯಾವುದೂ ಕೆಲಸ ಮಾಡಲ್ಲ. ಹತ್ತು ವರ್ಷದ ಕ್ರಿಬ್ ಬೈಟಿಂಗ್ ಪೂರ್ತಿ ನಿಲ್ಲದೇ ಇರಬಹುದು, ಅಂಥ ಕುದುರೆಗೆ ಕಚ್ಚೋಕೆ ಮೆತ್ತನೆ ರಬ್ಬರ್ ಸುತ್ತಿದ ಒಂದು ಅಂಚು ಬಿಟ್ಟು, ತಿಂಗಳಿಗೊಮ್ಮೆ ತೂಕ ಮತ್ತು ಮುಂದಿನ ಹಲ್ಲು ನೋಡ್ತಾ ಇರಿ.